ಶಾಲೆಯ ಊಟಕ್ಕೆ ನಾರಿನ ನಿಯಮ ಬರೆಯಿರಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಿಮ್ಮ ಇಲಾಖೆಗೆ ಕೊಟ್ಟ ಮನವಿಗಳಿಗೆ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಬಿಟ್ಟರೆ ಬೇರೆ ಉತ್ತರ ಸಿಕ್ಕಿಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಶಾಲೆಯಲ್ಲಿ ಕೊಡುವ, ಮಾರುವ ಆಹಾರದಲ್ಲಿ ಕನಿಷ್ಠ ಇಷ್ಟು ನಾರಿನಂಶ ಇರಲೇಬೇಕು ಎಂದು ನಿಯಮದಲ್ಲಿ ಬರೆಯಿರಿ.

ಕಳೆದ ತಿಂಗಳು ನನ್ನ ಒಂಬತ್ತು ವರ್ಷದ ಮಗಳ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಇಡೀ ತರಗತಿಯ ಎದುರು ಮಕ್ಕಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತೂಕವನ್ನು ಗಟ್ಟಿಯಾಗಿ ಓದಿದರು. ಇವಳ ಸರದಿ ಬಂದಾಗ ಹಿಂದಿನ ಬೆಂಚುಗಳಲ್ಲಿ ನಗು. 'ತೂಕ ಇಳಿಸಬೇಕು' ಎಂದು ಬರೆದ ಚೀಟಿ ಕೈಗಿಟ್ಟರು. ಸಾಲಿನ ಕೊನೆಯಲ್ಲಿ, ಗಲಾಟೆ ಮಾಡದೆ ನಿಂತಿದ್ದಕ್ಕೆಂದು, ಎಲ್ಲರಿಗೂ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಮತ್ತು ಸಿಹಿ ಪಾನೀಯ ಹಂಚಿದರು! ಮುಖ್ಯೋಪಾಧ್ಯಾಯರನ್ನು ಕೇಳಿದರೆ, "ಕೊಡಬಾರದು ಅಂತ ನಿಯಮದಲ್ಲಿ ಎಲ್ಲಿದೆ ಅಮ್ಮಾ?" ಎಂದರು. ಮಗಳು ಅಂದಿನಿಂದ ಬೆಳಗಿನ ತಿಂಡಿ ಮುಟ್ಟುತ್ತಿಲ್ಲ. ಊಟ ಬಿಟ್ಟರೆ ಸಣ್ಣಗಾಗುತ್ತೇನಂತೆ. ಒಂಬತ್ತು ವರ್ಷದ ಕೂಸು, ಸ್ವಾಮಿ. ಅವಳಿಗೆ ಏನೆಂದು ಹೇಳಲಿ?

ಮಕ್ಕಳ ಊಟದಲ್ಲಿ ನಾರು ಏಕೆ ಬೇಕೆಂಬ ವಿಜ್ಞಾನ ನಿಮಗೆ ತಿಳಿಯದ್ದೇನಲ್ಲ. ನಾರನ್ನು ನಮ್ಮ ದೇಹ ಅರಗಿಸಿಕೊಳ್ಳಲಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್, ಪ್ರೊಪಿಯೊನೇಟ್‌ನಂಥ ಪದಾರ್ಥಗಳನ್ನು ಮಾಡುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಹಾರ್ಮೋನುಗಳನ್ನೂ ಈ ಪದಾರ್ಥಗಳು ಚುರುಕುಗೊಳಿಸುತ್ತವೆ. ನಾರು ಸಿಗದೆ ಹೋದಾಗ ಕೆಲವು ಬ್ಯಾಕ್ಟೀರಿಯಾ ಕರುಳಿನ ಲೋಳೆಪದರವನ್ನೇ ತಿನ್ನತೊಡಗುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ಬೊಜ್ಜಿಗೆ ನಾರೊಂದೇ ಮದ್ದಲ್ಲ; ಆಟ ಬೇಕು, ನಿದ್ದೆ ಬೇಕು, ಸಕ್ಕರೆ ಇಳಿಯಬೇಕು. ಆದರೆ ಮೈದಾ, ಸಕ್ಕರೆ ತಿನ್ನಿಸಿ ಮಗುವನ್ನೇ ಬೈಯುವುದು ಯಾವ ನ್ಯಾಯ?

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಲೆಕ್ಕ ಕೊಟ್ಟಿದೆ: 2ರಿಂದ 5 ವರ್ಷದವರಿಗೆ ದಿನಕ್ಕೆ ಕನಿಷ್ಠ 15 ಗ್ರಾಂ ನಾರು, 6ರಿಂದ 9ರವರಿಗೆ 21, 10 ತುಂಬಿದವರಿಗೆ 25. ಆಹಾರದಲ್ಲಿ ಸಹಜವಾಗಿ ಇರುವ ನಾರು ಅದು, ಡಬ್ಬಿಯ ಪುಡಿಯಲ್ಲ. ತವಡು ತೆಗೆಯದ ಧಾನ್ಯ, ಕಾಳು, ತರಕಾರಿ, ಹಣ್ಣು ಇದ್ದರೆ ಸಾಕು.

ಸಮಿತಿ ರಚಿಸುತ್ತೇವೆ, ಪರಿಶೀಲಿಸುತ್ತೇವೆ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಈ ಅಂಕಿಗಳಲ್ಲಿ ಶಾಲೆಯ ಊಟದ ಪಾಲೆಷ್ಟು ಎಂದು ನಿಗದಿ ಮಾಡಿ, ನಿಯಮದಲ್ಲಿ ಬರೆಯಿರಿ. ಸಿಹಿ ಪಾನೀಯ ಶಾಲೆಯ ಗೇಟು ದಾಟಬಾರದೆಂದೂ ಬರೆಯಿರಿ. ತೂಕ ನೋಡುವುದಿದ್ದರೆ ಬಾಗಿಲು ಮುಚ್ಚಿ ನೋಡಲಿ. ಮುಂದಿನ ತಪಾಸಣೆಗೆ ಮೊದಲೇ ಈ ಆದೇಶ ಹೊರಡಬೇಕು.

ಇಂತಿ,
ಒಬ್ಬ ವಿದ್ಯಾರ್ಥಿನಿಯ ತಾಯಿ