ಹಿತ್ತಲಿನಲ್ಲಿ ಇಲ್ಲದ ಬೇವಿನ ಮರ

ನಮ್ಮ ಸಂಘದ ಪತ್ರಿಕೆಯ ಯುಗಾದಿ ಸಂಚಿಕೆಗೆ ಲಲಿತ ಪ್ರಬಂಧ ಬರೆದುಕೊಡಿ ಎಂದು ಸದಸ್ಯರನ್ನು ಮೂರು ಸಲ ಕೇಳಿಕೊಂಡರೂ ಒಂದೂ ಕೈಸೇರದೆ, ಎರಡು ಪುಟ ಖಾಲಿ ಉಳಿದದ್ದರಿಂದ, ಕೊನೆಗೆ ನಾನೇ ಬರೆಯಲು ಕುಳಿತೆ. ಆರು ವರ್ಷಗಳಿಂದ ನಿಮ್ಮೆಲ್ಲರ ಬರಹಗಳಿಗೆ ನಿರ್ದಾಕ್ಷಿಣ್ಯವಾಗಿ ಕತ್ತರಿ ಹಾಕುತ್ತ ಬಂದವಳಿಗೆ ಇದು ಆಗಬೇಕಾದದ್ದೇ.

ಮೊದಲ ವಾಕ್ಯವೇನೋ ತಡವರಿಸದೆ ಬಂತು: ‘ತಿಪಟೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಬೇವಿನ ಮರವಿತ್ತು.’ ಅದರ ಬೆನ್ನಿಗೇ, ಊರಿನಲ್ಲಿ ಮರಗಳು ಚಿಗುರುವ ಯುಗಾದಿಯ ಹೊತ್ತಿಗೆ ಇಲ್ಲಿ ಮೆಲ್ಬರ್ನಿನಲ್ಲಿ ನಮ್ಮ ಬೀದಿಯ ಮರಗಳು ಎಲೆ ಉದುರಿಸಲು ತೊಡಗುತ್ತವೆ ಎಂಬುದನ್ನು ಹಿಡಿದುಕೊಂಡು ಒಂದೂವರೆ ಪುಟ ತುಂಬಿಸಿದೆ. ‘ಬೇರು’ ಎಂಬ ಪದ ಐದು ಕಡೆ ಬಂದಿತ್ತು. ಮರ ಬಾವಿಯ ಯಾವ ಪಕ್ಕಕ್ಕಿತ್ತೆಂದು ನೆನಪಾಗದೆ ಅಕ್ಕನಿಗೆ ಫೋನ್ ಮಾಡಿದರೆ, ಅವಳು ನಕ್ಕು, “ನಮ್ಮ ಹಿತ್ತಲಲ್ಲಿ ಬೇವಿನ ಮರ ಎಲ್ಲಿತ್ತೇ? ಅದು ಹೊಂಗೆ ಕಣೇ” ಎಂದಳು.

ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಆ ಮರ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಯೋಚಿಸಿದಾಗ ಹೊಳೆದದ್ದು, ಅದು ನಮ್ಮ ಹಿತ್ತಲಿನಿಂದ ಬಂದದ್ದಲ್ಲ, ಇಷ್ಟು ವರ್ಷ ಓದಿದ ಯುಗಾದಿ ವಿಶೇಷಾಂಕಗಳಿಂದ ಬಂದದ್ದು ಎಂದು. ಬೇವಿಲ್ಲದ ಹಿತ್ತಲು ಪ್ರಬಂಧಕ್ಕೆ ಸಾಲದೆಂದು ನೆನಪೇ ಸದ್ದಿಲ್ಲದೆ ಒಂದು ಮರ ನೆಟ್ಟುಬಿಟ್ಟಿತ್ತು.

ಬರೆದದ್ದೆಲ್ಲವನ್ನೂ ಅಳಿಸಿ ಮತ್ತೆ ಕುಳಿತಾಗ, ಬೇವು ಎಲ್ಲಿಂದ ಬರುತ್ತಿತ್ತೆಂಬ ಪ್ರಶ್ನೆ ಉಳಿಯಿತು. ಮಾರಿಗುಡಿಯ ಮುಂದಿನ ಮರದಿಂದ. ಎಣ್ಣೆನೀರು ಮುಗಿಸಿಕೊಂಡು, ತಲೆ ಒಣಗುವ ಮೊದಲೇ ಹೋಗುತ್ತಿದ್ದೆವು. ಅಕ್ಕ ದೋಟಿಯಿಂದ ಕೊಂಬೆ ಬಗ್ಗಿಸುವಳು, ನಾನು ಕೆಳಗೆ ಚೀಲ ಹಿಡಿದು ನಿಲ್ಲುವೆ, ಹೂವು ಅರ್ಧಕ್ಕರ್ಧ ನನ್ನ ಒದ್ದೆ ಕೂದಲಿಗೇ ಉದುರಿ ಅಂಟಿಕೊಳ್ಳುವುದು. ಮನೆಗೆ ಬಂದ ಮೇಲೆ ಅಮ್ಮ ಬೈಯುತ್ತ ಅದನ್ನು ಹೆಕ್ಕಿ ತೆಗೆಯುತ್ತಿದ್ದಳು. ಹೀಗೆ ಹೆಕ್ಕಿದ್ದು ಬೇವು-ಬೆಲ್ಲಕ್ಕೂ ಸೇರುತ್ತಿತ್ತೇನೋ ಎಂಬ ಅನುಮಾನ ನನಗೆ ಈಗಲೂ ಇದೆ. ಈ ಐದು ವಾಕ್ಯಗಳಿಗೆ ಎರಡು ಸಂಜೆ ಹಿಡಿದವು.

ಇದೇ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ ಬೇವನ್ನು ಕಳೆಯೆಂದು ಸರ್ಕಾರವೇ ಘೋಷಿಸಿದೆ ಎಂಬ ಸಂಗತಿಯನ್ನೂ ತುರುಕುವ ಆಸೆಯಿತ್ತು. ಒಂದು ಪ್ಯಾರಾ ಬರೆದೂ ಬರೆದೆ, ಚೆನ್ನಾಗಿಯೇ ಇತ್ತು. ಆದರೆ ಆ ಪ್ರಾಂತ್ಯದ ರಾಜಧಾನಿ ಡಾರ್ವಿನ್ನಿಗೆ ನಾನು ಹೋದದ್ದೇ ಇಲ್ಲವಾದ್ದರಿಂದ, ಅಲ್ಲಿಯ ಬೇವಿಗೆ ನನ್ನ ದುಃಖವನ್ನು ಹೊರಿಸುವುದು ಸರಿಯೆನಿಸದೆ ಕಿತ್ತುಹಾಕಿದೆ.

ಮುಗಿದ ಪ್ರಬಂಧವನ್ನು ಅಕ್ಕನಿಗೆ ಓದಿ ಹೇಳಿದೆ. ಮಾರಿಗುಡಿ ಸರಿ, ದೋಟಿಯೂ ಸರಿ, ಆದರೆ ನೀನು ಹಿಡಿಯುತ್ತಿದ್ದದ್ದು ಚೀಲವಲ್ಲ, ಹೊಸ ಲಂಗದ ಮಡಿಲು, ಅಮ್ಮ ಬೈಯುತ್ತಿದ್ದದ್ದೂ ಅದಕ್ಕೇ ಎಂದಳು. ಅಷ್ಟು ಹೊತ್ತಿಗೆ ಪುಟ ಅಚ್ಚಿಗೆ ಹೋಗಿತ್ತು.