ಅಂತರ್ಯುದ್ಧದ ಬಗ್ಗೆ ಬರೆಯುತ್ತಿರುವ ಯುವ ಬರಹಗಾರರಿಗೆ

ಆತ್ಮೀಯರೇ,

ಅಮೆರಿಕದ ಅಂತರ್ಯುದ್ಧವನ್ನು ಕುರಿತ ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ‘ಇನ್ನು ಬರೆಯುವುದೇ ಬೇಡವೆನಿಸಿದೆ’ ಎಂದು ಪತ್ರದಲ್ಲಿ ಹೇಳಿಕೊಂಡಿದ್ದೀರಿ. ಗೆಟಿಸ್‌ಬರ್ಗ್‌ನ ಮೂರು ದಿನಗಳ ಕಾಳಗವನ್ನು ಅಷ್ಟು ಚೆನ್ನಾಗಿ ಕಣ್ಣಿಗೆ ಕಟ್ಟಿಸಬಲ್ಲವರು ಹಾಗೆ ಹೇಳಬಾರದು. ಅಧ್ಯಾಯಗಳ ಅಳತೆ, ಪ್ರಕಾಶಕರನ್ನು ಹುಡುಕುವ ಬಗೆ ಇತ್ಯಾದಿಗಳನ್ನು ತಿಳಿಸಿಕೊಡಲು ಬೇರೆಯವರಿದ್ದಾರೆ. ನನ್ನ ನಿದ್ದೆ ಕೆಡಿಸಿದ್ದು ಎರಡನೆಯ ಅಧ್ಯಾಯದ ಒಂದು ವಾಕ್ಯ: ‘ಎರಡೂ ಕಡೆಯವರು ತಮಗೆ ಸರಿಕಂಡದ್ದಕ್ಕಾಗಿ ಹೋರಾಡಿದರು.’

ಯಾರ ಮನಸ್ಸೂ ನೋಯಬಾರದೆಂದು ಹೀಗೆ ಬರೆದಿದ್ದೀರಿ. ಆದರೆ ದಕ್ಷಿಣದ ನಾಯಕರೇ ಆಗ ಇಷ್ಟು ಸಂಕೋಚಪಟ್ಟಿರಲಿಲ್ಲ. 1861ರ ಮಾರ್ಚ್‌ನಲ್ಲಿ ಸವಾನಾ ನಗರದ ಸಭೆಯಲ್ಲಿ ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಕಪ್ಪು ಜನರು ಬಿಳಿಯರಿಗೆ ಸಮರಲ್ಲ, ಗುಲಾಮಗಿರಿಯೇ ಅವರ ಸಹಜ ಸ್ಥಿತಿ, ಈ ನಂಬಿಕೆಯೇ ಆ ಸರ್ಕಾರದ ಮೂಲೆಗಲ್ಲು ಎಂದು ಸಾರಿದ. ಯುದ್ಧದಲ್ಲಿ ಸೋತ ಮೇಲೆ ಅದೇ ಸ್ಟೀಫನ್ಸ್, ಆ ಸರ್ಕಾರದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್, ತಾವು ಕಾದಾಡಿದ್ದು ರಾಜ್ಯಗಳ ಹಕ್ಕಿಗಾಗಿ ಎಂದು ದಪ್ಪ ದಪ್ಪ ಪುಸ್ತಕಗಳನ್ನು ಬರೆದರು. ಓಡಿಹೋದ ಗುಲಾಮರನ್ನು ಹಿಡಿದುಕೊಡಲೇಬೇಕೆಂಬ 1850ರ ಕೇಂದ್ರ ಕಾಯಿದೆಯನ್ನು ಉತ್ತರದ ರಾಜ್ಯಗಳ ಮೇಲೆ ಹೇರಿಸಿದವರೂ ದಕ್ಷಿಣದವರೇ. ಆಗ ಉತ್ತರದ ರಾಜ್ಯಗಳ ಹಕ್ಕು ಅವರಿಗೆ ನೆನಪಾಗಲಿಲ್ಲ. ಇದನ್ನೆಲ್ಲ ಬಿಟ್ಟು ಬರೆದ ವಾಕ್ಯ ಸಮತೋಲನದ ವಾಕ್ಯವಲ್ಲ, ಸೋತವರು ಆಮೇಲೆ ಕಟ್ಟಿದ ಕಥೆಗೆ ಹಾಕಿದ ರುಜು.

ನನ್ನ ಕೋಪಕ್ಕೆ ಹಳೆಯ ಕಾರಣವೂ ಇದೆ. ಎಷ್ಟೋ ವರ್ಷಗಳ ಹಿಂದೆ ಇದೇ ವಿಷಯದ ಮೇಲೆ ನಾನು ಬರೆದ ಲೇಖನದಿಂದ ಗುಲಾಮರ ಹರಾಜನ್ನು ವಿವರಿಸಿದ ಭಾಗವನ್ನು ಸಂಪಾದಕರೊಬ್ಬರು ಓದುಗರಿಗೆ ಹಿತವಾಗದೆಂದು ತೆಗೆದುಹಾಕಿ, ದಂಡನಾಯಕರ ಶೌರ್ಯವನ್ನಷ್ಟೇ ಅಚ್ಚು ಹಾಕಿಸಿದರು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನನಗೆ ಸಂಪಾದಕರು ಮಾಡಿದ್ದನ್ನು ನಿಮಗೆ ನೀವೇ ಮಾಡಿಕೊಳ್ಳುತ್ತಿದ್ದೀರಿ.

ಲಿಂಕನ್ ವಿಷಯದಲ್ಲೂ ಅಷ್ಟೇ, ಅವನಿಗೊಂದು ಕಲೆಯೂ ಅಂಟದಂತೆ ನೋಡಿಕೊಂಡಿದ್ದೀರಿ. ಒಬ್ಬ ಗುಲಾಮನನ್ನೂ ಬಿಡುಗಡೆ ಮಾಡದೆ ಅಮೆರಿಕದ ಒಕ್ಕೂಟವನ್ನು ಉಳಿಸಲಾಗುವುದಾದರೆ ಹಾಗೆಯೇ ಮಾಡುತ್ತೇನೆ ಎಂದು 1862ರ ಆಗಸ್ಟ್‌ನಲ್ಲಿ ಅವನು ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದ. ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ತನ್ನ ಸಚಿವರಿಗೆ ಓದಿ ಹೇಳಿದ್ದು ಅದಕ್ಕೂ ಮುಂಚೆ, ಜುಲೈನಲ್ಲಿ. 1863ರ ಜನವರಿ 1ರ ಘೋಷಣೆ, ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿಯಂಥ ರಾಜ್ಯಗಳ ಗುಲಾಮರನ್ನು ಮುಟ್ಟಲೇ ಇಲ್ಲ. ಈ ಎರಡನ್ನೂ ಬರೆದರೆ ಲಿಂಕನ್ ಕುಗ್ಗುವುದಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ 1876ರಲ್ಲಿ ಲಿಂಕನ್ ಸ್ಮಾರಕದ ಅನಾವರಣಕ್ಕೆ ಬಂದು, ಅಧ್ಯಕ್ಷ ಗ್ರಾಂಟ್ ಅವರ ಎದುರಿನಲ್ಲೇ, ಲಿಂಕನ್ ಮುಖ್ಯವಾಗಿ ಬಿಳಿಯರ ಅಧ್ಯಕ್ಷನಾಗಿದ್ದನೆಂದು ಹೇಳಿದ. ಹೇಳಿ, ಅವನಿಗೆ ತನ್ನ ಜನ ಸಲ್ಲಿಸಬೇಕಾದ ಕೃತಜ್ಞತೆಯನ್ನು ತುಂಬು ಮನಸ್ಸಿನಿಂದಲೇ ಸಲ್ಲಿಸಿದ. ಹೊಗಳುವುದನ್ನು ಕಲಿಯಬೇಕೆಂದರೆ ಆ ಭಾಷಣವನ್ನು ಓದಿ.

ದಕ್ಷಿಣದ ಬಂದರುಗಳಿಗೆ ಉತ್ತರದವರ ದಿಗ್ಬಂಧನ ಬಿದ್ದಾಗ ಇಂಗ್ಲೆಂಡಿನ ಲ್ಯಾಂಕಶೈರ್‌ನ ಗಿರಣಿಗಳು ನಮ್ಮ ಧಾರವಾಡ ಸೀಮೆಯ ಹತ್ತಿಗೂ ಕೈಚಾಚಿದ ಸಂಗತಿ ಇರಲಿ, ಚೆನ್ನಾಗಿದೆ. ಆ ಗಿರಣಿಗಳಿಗೆ ಅದುವರೆಗೆ ಹೋಗುತ್ತಿದ್ದ ಹತ್ತಿಯನ್ನು ಬಿಡಿಸುತ್ತಿದ್ದ ಕೈಗಳು ಯಾರವು ಎಂಬುದನ್ನೂ ಅಲ್ಲಿಯೇ ಹೇಳಿ.

ದಕ್ಷಿಣದ ದಂಡನಾಯಕ ಲೀಯ ಕುದುರೆ ಟ್ರಾವೆಲರ್‌ಗೆ ಒಂದು ಪುಟವನ್ನೇ ಕೊಟ್ಟಿದ್ದೀರಿ, ರಾಬರ್ಟ್ ಸ್ಮಾಲ್ಸ್‌ನ ಹೆಸರೇ ಇಲ್ಲ! 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಚಾರ್ಲ್ಸ್‌ಟನ್ ಬಂದರಿನಿಂದ ‘ಪ್ಲಾಂಟರ್’ ಎಂಬ ಹಡಗನ್ನು ನಡೆಸಿಕೊಂಡು ಹೋದ ಗುಲಾಮ ಅವನು. ಇನ್ನೊಂದು ಕಟ್ಟೆಯಲ್ಲಿ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು, ಕಪ್ತಾನನ ಹುಲ್ಲಿನ ಟೊಪ್ಪಿಗೆ ತೊಟ್ಟು, ದಕ್ಷಿಣದವರ ವಶದಲ್ಲಿದ್ದ ಸಮ್ಟರ್ ಕೋಟೆಯ ಮುಂದೆ ಹಾಯುವಾಗ ಸರಿಯಾದ ಸಂಕೇತದ ಸಿಳ್ಳೆ ಊದಿ, ಫಿರಂಗಿಗಳ ಅಳವು ದಾಟಿದ ಮೇಲೆ ಬಿಳಿಯ ಬಟ್ಟೆ ಏರಿಸಿ ಹಡಗನ್ನು ಉತ್ತರದ ನೌಕಾಪಡೆಗೆ ಒಪ್ಪಿಸಿದ. ಮುಂದೆ ಅಮೆರಿಕದ ಸಂಸತ್ತಿನ ಸದಸ್ಯನೂ ಆದ.

ಎರಡನೆಯ ಅಧ್ಯಾಯವನ್ನು ಈ ಹಡಗಿನಿಂದ ಆರಂಭಿಸಿ ಮತ್ತೆ ಬರೆಯಿರಿ. ಬರೆದು ನನಗೆ ಕಳಿಸಿ, ನಾನು ಕಾಯುತ್ತಿರುತ್ತೇನೆ.

ನಿಮ್ಮ ವಿಶ್ವಾಸಿ