ನೂಲು ನಮ್ಮದು, ಬಟ್ಟೆ ಅವರದು

ಮಾನ್ಯರೇ,

2025ರ ಏಪ್ರಿಲ್‌ನಲ್ಲಿ ಭಾರತ, ತನ್ನ ಬಂದರು ಮತ್ತು ವಿಮಾನ ನಿಲ್ದಾಣಗಳ ಮೂಲಕ ಬಾಂಗ್ಲಾದೇಶದ ಸರಕು ಬೇರೆ ದೇಶಗಳಿಗೆ ಹೋಗುವ ಸೌಲಭ್ಯವನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಅವರು ನಮ್ಮ ನೂಲು ಭೂಮಾರ್ಗವಾಗಿ ಬರುವುದನ್ನು ತಡೆದರು. ಮೇ ತಿಂಗಳಲ್ಲಿ ನಾವು, ಅವರ ಸಿದ್ಧ ಉಡುಪು ಕೋಲ್ಕತ್ತ ಮತ್ತು ಮುಂಬೈ ಬಳಿಯ ನವಾ ಶೇವಾ ಬಂದರುಗಳಿಂದಷ್ಟೇ ಬರಲಿ ಎಂದೆವು. ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಯಲ್ಲಿ ಲಾರಿ ದಾಟಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಹಡಗು! ಅವರ ಬಟ್ಟೆಗೆ ನಮ್ಮ ನೂಲೂ ಬೇಕು, ಅಲ್ವಾ? ಪೆಟ್ಟು ಬಿದ್ದದ್ದು ಎರಡೂ ಕಡೆಯ ಗಿರಣಿ ಕಾರ್ಮಿಕರಿಗೆ, ಲಾರಿ ಚಾಲಕರಿಗೆ.

1996ರಲ್ಲಿ ಗಂಗೆಯ ನೀರನ್ನು, 2015ರಲ್ಲಿ ಗಡಿಯನ್ನೇ ಮಾತಾಡಿ ಹಂಚಿಕೊಂಡವರಿಗೆ ಇದೇನು ಮಹಾ? ವಾಣಿಜ್ಯ ಕಾರ್ಯದರ್ಶಿಗಳು ಕೂತು, ನೂಲು ಮತ್ತು ಉಡುಪಿನ ನಿರ್ಬಂಧಗಳನ್ನು ಒಂದೇ ದಿನ ತೆಗೆಯಲಿ. ಉಳಿದ ತಕರಾರುಗಳನ್ನು ಆಮೇಲೆ ನೋಡಿಕೊಳ್ಳಬಹುದು.

– ಓದುಗ, ಮೈಸೂರು